ಗಿಡ್ಡಮ್ಮನನ್ನು ಕೆಳಗಿಳಿಸಿದ್ದು

ಅರಸೀಕೆರೆಯ ದೇವರಾಜ ಎಸ್ಟಿಮೇಟ್ ಬರೆಯುವವನು. ಕೆಲಸದಿಂದ ನಿವೃತ್ತಿಯಾಗಿ ಕೆಲವು ವರ್ಷವಾದರೂ ಜನ ಅವನನ್ನು ಗುರುತಿಸುವುದು ಹಾಗೆಯೇ. ಅವನ ಕಾಲದಲ್ಲಿ ತಾಲ್ಲೂಕಿನೊಳಗೆ ಶಾಲೆಗೊಂದು ಕೊಠಡಿ ಏಳಬೇಕಿದ್ದರೂ, ಹಟ್ಟಿಗೊಂದು ನೀರಿನ ಟ್ಯಾಂಕು ನಿಲ್ಲಬೇಕಿದ್ದರೂ ಅದು ಮೊದಲು ಅವನ ಮೇಜಿನ ಮೇಲೆ, ಹಾಳೆಯಲ್ಲಿ ಎದ್ದು ನಿಲ್ಲುತ್ತಿತ್ತು. ಎಷ್ಟು ಮಣ್ಣು ಅಗೆಯಬೇಕು, ಜಲ್ಲಿ ಯಾವ ಕ್ವಾರಿಯಿಂದ ಬರಬೇಕು, ಅದನ್ನು ಎಷ್ಟು ದೂರ ಸಾಗಿಸಬೇಕು, ಎಷ್ಟು ಎತ್ತರಕ್ಕೆ ಏರಿಸಬೇಕು. ದೂರಕ್ಕೆ ಕಚೇರಿಯಲ್ಲಿ ಲೀಡ್ ಅನ್ನುತ್ತಾರೆ, ಎತ್ತರಕ್ಕೆ ಲಿಫ್ಟ್. ಈ ಎರಡು ಮಾತುಗಳಲ್ಲೇ ಅವನ ಪ್ರಾಯ ಕಳೆಯಿತು. ಮೊಣಕಾಲು ಸವೆಯಿತು, ಕನ್ನಡಕದ ಗಾಜು ದಪ್ಪವಾಯಿತು, ಮಾತಿನ ನಡುವೆ ನಿಟ್ಟುಸಿರು ಬಿಡುವ ಅಭ್ಯಾಸ ಬಂತು.

ಅದೇ ಮೇಜು, ಅದೇ ಪೆನ್ನು. ಕಚೇರಿ ಖಾಲಿಯಾದ ಮೇಲೆ ಅವನು ಒಂದು ಕಾದಂಬರಿಯನ್ನೂ ಬರೆಯುತ್ತಿದ್ದ. ವಿಜ್ಞಾನದ ಕಾದಂಬರಿ. ಭೂಮಿಯಿಂದ ಆಕಾಶಕ್ಕೆ ಒಂದು ಹಗ್ಗ. ಹಗ್ಗ ಹಿಡಿದು ಏರುವ ಒಂದು ಡಬ್ಬಿ. ಡಬ್ಬಿಯೊಳಗೆ ಕೂತು ಜನ ಪೇಟೆಗೆ ಹೋದಷ್ಟು ಸಲೀಸಾಗಿ ಮುಗಿಲಿಗೆ ಹೋಗಿಬರುವುದು. ತೆಂಗಿನ ನಾರನ್ನು ಹುರಿಮಾಡುವ ಯಂತ್ರದ ಎದುರು ಒಮ್ಮೆ ತಪಾಸಣೆಗೆಂದು ನಿಂತಿದ್ದಾಗ ಈ ಯೋಚನೆ ಅವನ ತಲೆಗೆ ಬಂದಿತ್ತಂತೆ. ಇಷ್ಟುದ್ದ ಆಗುವ ಹಗ್ಗ ಇನ್ನೂ ಉದ್ದ ಯಾಕಾಗಬಾರದು ಅಂತ. ಆಗ ಅವನಿಗೆ ತಲೆಗೂದಲೆಲ್ಲ ಕಪ್ಪು.

ಬರೆಯುವ ಉಳಿದವರಿಗೆ ಇದು ದೊಡ್ಡ ಕಷ್ಟವಲ್ಲ. ಒಂದು ಸಾಲಿನಲ್ಲಿ ಹಗ್ಗ ಬಿಗಿದು ಮುಂದಿನ ಸಾಲಿನಲ್ಲಿ ನಾಯಕನನ್ನು ಹತ್ತಿಸಿಬಿಡುತ್ತಾರೆ. ದೇವರಾಜನ ಕೈ ಅದಕ್ಕೆ ಒಗ್ಗಲಿಲ್ಲ. ಎಸ್ಟಿಮೇಟ್ ಇಲ್ಲದೆ ಒಂದು ಮೋರಿಯನ್ನೂ ಕಟ್ಟಿಸದವನು ಆಕಾಶದ ಹಗ್ಗವನ್ನು ಹೇಗೆ ಕಟ್ಟಿಸಿಯಾನು? ಪ್ರತಿ ಅಧ್ಯಾಯಕ್ಕೆ ಮುಂಚೆ ಲೆಕ್ಕ ಹಾಕುತ್ತಿದ್ದ. ಲೆಕ್ಕ ಕೂಡಿಬರದಿದ್ದರೆ ಅಧ್ಯಾಯ ನಿಲ್ಲುತ್ತಿತ್ತು.

ಈ ಕಾದಂಬರಿಗೆ ಓದುಗರು ಇರಲಿಲ್ಲ, ಕೇಳುಗರು ಒಬ್ಬರಿದ್ದರು. ಅವನ ಅಕ್ಕ ಸಣ್ಣತಾಯಮ್ಮ. ಹಳೇಬೀಡಿನ ಹತ್ತಿರದ ಮಾದಿಹಳ್ಳಿಗೆ ಮದುವೆಯಾಗಿ ಹೋದವಳು, ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸಿ ಬೇಯಿಸಿ ಬೆನ್ನು ಬಾಗಿಸಿಕೊಂಡವಳು. ಓದು ಬರದು. ಆದರೆ ಅವರವ್ವ ಹೇಳುತ್ತಿದ್ದ ಕತೆಗಳೆಲ್ಲ ಅವಳ ನಾಲಿಗೆಯ ಮೇಲಿದ್ದವು. ಹದಿನೈದು ದಿನಕ್ಕೊಂದು ಭಾನುವಾರ ದೇವರಾಜ ಜಾವಗಲ್ಲಿನ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅಕ್ಕನ ಮನೆ ಸೇರುತ್ತಿದ್ದ. ಚೀಲದಲ್ಲಿ ಬಾಳೆಹಣ್ಣು, ಖಾರದ ಪೊಟ್ಟಣ, ಬರೆದ ಹಾಳೆಗಳು. ಊಟವಾದ ಮೇಲೆ ಜಗಲಿಯಲ್ಲಿ ಕೂತು ಓದುತ್ತಿದ್ದ. ಅಕ್ಕ ಹಸುವಿಗೆ ಹುಲ್ಲು ಬಿಡಿಸುತ್ತ ಒಂದೊಂದು ಮಾತಿಗೂ ಹೂಂಗುಟ್ಟುತ್ತಿದ್ದಳು. ಆ 'ಹೂಂ' ಬಿದ್ದರೆ ತಾನೇ ಮುಂದಿನ ಮಾತು. ಬೀಳದಿದ್ದರೆ ಅವನ ಬಾಯಿಯೂ ನಿಲ್ಲುತ್ತಿತ್ತು. ಅವ್ವನ ಕಾಲದಿಂದಲೂ ಆ ಮನೆಯಲ್ಲಿ ಕತೆಯ ನಡಿಗೆಯೇ ಹಾಗೆ.

ಹಗಲಲ್ಲಿ ಕತೆ ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆ ಎಂದು ಅವ್ವ ಹೆದರಿಸುತ್ತಿದ್ದಳು. ಸಂಜೆ ಬಸ್ಸಿಗೆ ವಾಪಸಾಗಬೇಕಾದವನು ಹಗಲಲ್ಲದೆ ಇನ್ಯಾವಾಗ ಹೇಳಿಯಾನು ಎಂದು ಇಬ್ಬರೂ ಆ ಮಾತನ್ನು ನಕ್ಕು ಬಿಟ್ಟಿದ್ದರು.

ಕಾದಂಬರಿಯಲ್ಲಿ ಒಬ್ಬ ಹೆಂಗಸಿದ್ದಳು. ಹಗ್ಗದ ಬೋಲ್ಟುಗಳನ್ನು ಬಿಗಿ ಮಾಡುವ ಕೆಲಸದವಳು. ದೇವರಾಜ ಅವಳಿಗೆ ಏನೋ ನಕ್ಷತ್ರದ ಹೆಸರಿಟ್ಟಿದ್ದ. ಅಕ್ಕ ಮೊದಲ ದಿನವೇ ಅದನ್ನು ತಳ್ಳಿಹಾಕಿದಳು. ಸ್ಪ್ಯಾನರ್ ಹಿಡಿಯುವ ಹೆಂಗಸಿಗೆ ಇದೆಂಥ ಹೆಸರು, ಗಿಡ್ಡಮ್ಮ ಅನ್ನು ಅಂದಳು. ಅವರ ಸೋದರತ್ತೆ ಒಬ್ಬಳು ಗಾರೆ ಕೆಲಸಕ್ಕೆ ಹೋಗುತ್ತಿದ್ದವಳು, ಅವಳ ಹೆಸರು ಅದು. ದೇವರಾಜ ಅಂದಿನಿಂದ ಗಿಡ್ಡಮ್ಮ ಎಂದೇ ಬರೆದ. ಗಿಡ್ಡಮ್ಮ ಒಂದು ಮುಂಜಾನೆ ಅರಸೀಕೆರೆಯ ಪಕ್ಕದ ಮಾಲೇಕಲ್ಲಿನ ಬೆಟ್ಟದ ನೆತ್ತಿಯಿಂದ ಡಬ್ಬಿ ಹತ್ತಿದಳು. ಮೋಡ ದಾಟಿದಳು, ಗಾಳಿ ದಾಟಿದಳು, ಹಗಲಲ್ಲೇ ಚುಕ್ಕಿ ಕಾಣುವ ಎತ್ತರ ಮುಟ್ಟಿದಳು. ಅಷ್ಟೂ ಬೋಲ್ಟು ಬಿಗಿದು, ಕೈ ಒರೆಸಿಕೊಂಡು, ಸೆರಗಿನಲ್ಲಿ ಕಟ್ಟಿ ತಂದಿದ್ದ ಬುತ್ತಿ ಬಿಚ್ಚಿದಳು.

ಅಲ್ಲಿಗೆ ನಿಂತಿತು. ಇಪ್ಪತ್ತು ವರ್ಷದ ಮೇಲಾಯಿತು. ಬುತ್ತಿ ಬಿಚ್ಚಿದ ಗಿಡ್ಡಮ್ಮ ಒಂದು ತುತ್ತೂ ಎತ್ತಿಲ್ಲ.

ನಿಲ್ಲಲು ಕಾರಣ ಉಕ್ಕು. ಒಳ್ಳೆಯ ಉಕ್ಕಿನ ತಂತಿಯನ್ನೇ ಮೇಲಿನಿಂದ ಇಳಿಬಿಟ್ಟರೆ, ಅರಸೀಕೆರೆಯಿಂದ ಹಳೇಬೀಡಿಗೆ ಇರುವಷ್ಟು ಉದ್ದವಾಗುವುದರೊಳಗೆ ಅದು ತನ್ನ ಭಾರಕ್ಕೇ ತಾನು ಹರಿಯುತ್ತದೆ. ಬೇಕಾದ ಹಗ್ಗವೋ, ಭೂಮಿಗೆ ಒಂದು ಸುತ್ತು ಬರಲು ಸ್ವಲ್ಪವೇ ಕಡಿಮೆ. ಮೇಲೆ ಹೋದಂತೆ ದಪ್ಪ ಮಾಡಿ ನೋಡಿದ. ಮೇಲಿನ ತುದಿ ಬೆಟ್ಟಗಳನ್ನು ಮೀರಿ, ದೇಶಗಳನ್ನು ಮೀರಿ ಲೆಕ್ಕದಿಂದಲೇ ಆಚೆ ಹೋಯಿತು. ಉಕ್ಕು ಬಿಟ್ಟು ಹೊಸ ನಾರುಗಳನ್ನು ಹುಡುಕಿದ. ಉಕ್ಕಿಗಿಂತ ಎಷ್ಟೋ ಗಟ್ಟಿ ಎಂದು ಪತ್ರಿಕೆಗಳು ಬರೆಯುವ ಇಂಗಾಲದ ಎಳೆಗಳು, ಆದರೆ ಕುಂದಿಲ್ಲದೆ ನೂತದ್ದು ಮೊಳದ ಲೆಕ್ಕದಲ್ಲಿ. ಒಂದೊಂದು ವರ್ಷ ಒಂದೊಂದು ಸುದ್ದಿ ಬರುತ್ತಿತ್ತು, ದೇವರಾಜ ಒಂದೊಂದು ಸಲವೂ ಹೊಸ ಹಾಳೆ ತೆಗೆಯುತ್ತಿದ್ದ, ಒಂದೊಂದು ಸಲವೂ ಮಡಿಚಿಡುತ್ತಿದ್ದ.

ಬೇಲೂರಿನ ಗೋಪಾಲಸ್ವಾಮಿ ಅವನ ಗೆಳೆಯ. ಅರಸೀಕೆರೆಯ ಕಾಲೇಜಿನಲ್ಲಿ ಒಂದೇ ಬೆಂಚು. ಮುಂದೆ ಭೌತಶಾಸ್ತ್ರದ ಮೇಷ್ಟ್ರಾದ. ಮನೆತನದವರು ದೇವಸ್ಥಾನದ ಸೇವೆಯವರು. ಇವನು ಪಾಠಕ್ಕೆ ಹೋದ, ಅಣ್ಣಂದಿರು ಗುಡಿಯಲ್ಲಿ ಉಳಿದರು. ಭೌತಶಾಸ್ತ್ರದ ಸಂಶಯಗಳಿಗೆ ದೇವರಾಜನಿಗೆ ಅವನೇ ಗತಿ. ಹಗ್ಗದ ಬುಡ ಭೂಮಧ್ಯರೇಖೆಯ ಹತ್ತಿರ ಇದ್ದರೆ ಒಳ್ಳೆಯದು, ಮಾಲೇಕಲ್ಲಿನಲ್ಲಿ ನೆಟ್ಟರೆ ಹಗ್ಗ ವಾಲುತ್ತದೆ, ಭಾರ ಇನ್ನೂ ಏರುತ್ತದೆ ಎಂದು ತಿಳಿಸಿದವನೂ ಅವನೇ. ದೇವರಾಜ ತಲೆಯ ಮೇಲೆ ಕೈ ಹೊತ್ತ. ಮಾಲೇಕಲ್ಲಿಗೆ ಅಡಿಪಾಯ ತೋಡಿ, ಮೆಟ್ಟಿಲ ಮೇಲೆ ಮರಳು ಹೊರಿಸಿ, ಲೀಡು ಲಿಫ್ಟು ಎಲ್ಲ ಬರೆದು ಮುಗಿಸಿದ್ದ. ಮತ್ತೆ ಕೂತು ಹಗ್ಗದ ಬುಡವನ್ನು ದಕ್ಷಿಣದ ಸಮುದ್ರಕ್ಕೆ ಸಾಗಿಸಿದ. ಕಚೇರಿಯ ಭಾಷೆಯಲ್ಲಿ ಇದು ರಿವೈಸ್ಡ್ ಎಸ್ಟಿಮೇಟ್. ಜಾಗ ಬದಲಾದರೆ ಹಳೆಯದು ರದ್ದು, ಹೊಸದು ಜಾರಿ.

ಮಾದಿಹಳ್ಳಿಯಲ್ಲಿ ಅದು ನಡೆಯಲಿಲ್ಲ. ಅಕ್ಕ ಹುಲ್ಲು ಬಿಡಿಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು.

"ಮಾಲೇಕಲ್ಲಿಂದ ಹತ್ತಿದ್ಲು ಅಂತ ನೀನೇ ಹೇಳಿದ್ದೆ. ನಾನು ಹೂಂ ಅಂದಾಗೈತೆ. ಈಗ ಸಮುದ್ರ ಅಂದ್ರೆ ಆ ಹೂಂ ಎತ್ಲಾಗೆ ಹೋಗ್ಬೇಕ್ಲಾ?"

ಹೇಳಿದ್ದನ್ನು ಹಿಂದಕ್ಕೆ ಪಡೆಯುವ ಪದ್ಧತಿ ಅವರವ್ವನ ಕತೆಗಳಲ್ಲಿ ಇರಲಿಲ್ಲ. ಹೂಂ ಬಿದ್ದ ಮೇಲೆ ಅದು ಕೇಳಿದವರದು. ದೇವರಾಜ ಸಮುದ್ರದ ಹಾಳೆಗಳನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡ. ಹೀಗೆ ಅವನು ಎರಡು ಕಡೆಯಿಂದ ಸಿಕ್ಕಿಬಿದ್ದ. ಲೆಕ್ಕ ಮುಂದಕ್ಕೆ ಬಿಡುವುದಿಲ್ಲ, ಅಕ್ಕ ಹಿಂದಕ್ಕೆ ಬಿಡುವುದಿಲ್ಲ.

ನಡುವೆ ಕೆಲವು ಕಾಲ ಹಗ್ಗವನ್ನೇ ಬಿಟ್ಟು ಬೇರೆ ಕಟ್ಟಡಗಳಿಗೆ ಹೋದದ್ದೂ ಉಂಟು. ಸೂರ್ಯನ ಸುತ್ತ ಒಂದು ಚಿಪ್ಪು ಕಟ್ಟಿ ಬಿಸಿಲನ್ನೆಲ್ಲ ಹಿಡಿದಿಡುವ ಯೋಜನೆಯನ್ನು ಅವನು ಎಲ್ಲೋ ಓದಿದ್ದ. ಅಷ್ಟು ಸಾಮಾನು ಎಲ್ಲಿಂದ ತರುವುದು ಎಂದು ನೋಡಿದರೆ ಒಂದು ಗ್ರಹವನ್ನೇ ಒಡೆಯಬೇಕು ಎಂದಿತ್ತು. ಲೀಡಿನ ತಖ್ತೆಯಲ್ಲಿ ಕ್ವಾರಿಯ ಹೆಸರು ಎಂಬಲ್ಲಿ ಬುಧ ಗ್ರಹ ಎಂದು ಬರೆದು ತಾನೇ ನಕ್ಕ. ಆಮೇಲೆ ಲೆಕ್ಕ ಹಾಕಿದ. ಈಗ ಲೋಕದಲ್ಲಿರುವ ಕ್ರಷರುಗಳೆಲ್ಲ ಬಿಡುವಿಲ್ಲದೆ ಓಡಿದರೂ ಬುಧ ಪೂರ್ತಿ ಜಲ್ಲಿಯಾಗುವ ಹೊತ್ತಿಗೆ ಸೂರ್ಯನ ಆಯಸ್ಸೇ ಮುಗಿದಿರುತ್ತದೆ. ಚಿಪ್ಪು ಕಟ್ಟಿ ಒಳಗೆ ಯಾರನ್ನು ಕೂರಿಸುವುದು? ಆ ಸಲ ನಗು ಬರಲಿಲ್ಲ, ಸುಸ್ತಾಯಿತು. ಎಲ್ಲ ದೊಡ್ಡ ಕಟ್ಟಡಗಳೂ ಅವನಿಗೆ ಕೊನೆಗೆ ಒಂದೇ ಥರ ಕಂಡವು. ಸಾಮಾನು ಸಾಗಿಸಲು ಸಾಮಾನು ಬೇಕು, ಅದನ್ನು ಸಾಗಿಸುವವರಿಗೆ ಅನ್ನ ಬೇಕು, ಅನ್ನ ಸಾಗಿಸಲು ಮತ್ತೆ ಸಾಮಾನು. ಕಟ್ಟಿದ ಮೇಲೆ ದಿನಾ ನೋಡಿಕೊಳ್ಳುವವರು ಬೇರೆ. ಅವನು ಎಸ್ಟಿಮೇಟ್ ಬರೆದ ಎಷ್ಟೋ ನೀರಿನ ಟ್ಯಾಂಕುಗಳು ಕಟ್ಟಡವಾಗಿ ಚೆನ್ನಾಗಿದ್ದವು, ನೀರು ಬಿಡುವವನಿಲ್ಲದೆ ಒಣಗಿ ಪಾರಿವಾಳದ ಗೂಡಾಗಿದ್ದವು. ಇನ್ನು ಆಕಾಶದ ಹಗ್ಗಕ್ಕೆ ದಿನಾ ಬೋಲ್ಟು ನೋಡುವವರು ಯಾರು?

ಅದಕ್ಕೆ ತಾನೇ ಗಿಡ್ಡಮ್ಮನನ್ನು ಕಳಿಸಿದ್ದು. ಅವಳು ಬುತ್ತಿ ಬಿಚ್ಚಿಕೊಂಡು ಅಲ್ಲೇ ಕೂತಿದ್ದಾಳೆ.

ಒಂದು ಸಲ ಬಸ್ಸು ತಪ್ಪಿ ಹಳೇಬೀಡಿನಲ್ಲೇ ಬಹಳ ಹೊತ್ತು ಕಾಯಬೇಕಾಯಿತು. ಗುಡಿಯ ಮುಂದಿನ ಹುಲ್ಲಿನ ಮೇಲೆ ಕೂತು ಶಿಖರವಿಲ್ಲದ ಆ ಮಾಡನ್ನು ನೋಡುತ್ತ ಅವನಿಗೆ ಒಂದು ಉಪಾಯ ಹೊಳೆಯಿತು. ಕಾದಂಬರಿಯನ್ನು ಹೀಗೇ ಅರ್ಧಕ್ಕೆ ಬಿಟ್ಟರೇನು, ಪೂರ್ತಿಯಾಗದ್ದನ್ನೂ ಜನ ನೋಡಲು ಬರುತ್ತಾರಲ್ಲ. ಹುರುಪಿನಿಂದ ಅಕ್ಕನಿಗೆ ಹೇಳಿದ. ಅಕ್ಕ ಯೋಚನೆ ಮಾಡುವ ಕಷ್ಟವನ್ನೂ ತಗೊಳ್ಳಲಿಲ್ಲ.

"ಗುಡಿಗೆ ಗೋಪ್ರ ಇಲ್ಲ, ಸರಿ. ಅಲ್ಲಿ ಮ್ಯಾಲೆ ಯಾರೂ ಕೂತ್ಕಂಡಿಲ್ವಲ್ಲ."

ಅದರ ಮೇಲೆ ಅವನು ಆ ಮಾತೆತ್ತಲಿಲ್ಲ. ಹಾಳೆಗಳನ್ನು ತರುವುದೂ ಕಡಿಮೆಯಾಯಿತು. ಅವನು ಬಂದಾಗಲೆಲ್ಲ ಅಕ್ಕ ಒಂದೇ ಮಾತು ಕೇಳುತ್ತಿದ್ದಳು, ಇಳಿದಳಾ ಅಂತ. ಇಲ್ಲ ಅನ್ನುತ್ತಿದ್ದ. ಹಗಲಲ್ಲಿ ಹೇಳಿದ್ದಕ್ಕೆ ದಾರಿ ತಪ್ಪಿರಬೇಕು ಎಂದು ಅವಳು ಗೊಣಗುತ್ತಿದ್ದಳು, ಈ ಸಲ ನಗದೆ.

ಹೋದ ವರ್ಷ ಮಳೆ ಹಿಡಿಯುವ ಮುಂಚೆ ಒಂದು ಭಾನುವಾರ ಅವನು ಬೇರೇನೋ ಮಾತಾಡುತ್ತಿದ್ದ. ಅಳಿಯನ ಕೆಲಸದ ವಿಷಯ. ಅಕ್ಕ ಹೂಂಗುಟ್ಟುತ್ತಿದ್ದಳು. ಆದರೆ ಆ ಹೂಂ ಬೀಳಬೇಕಾದಲ್ಲಿ ಬೀಳುತ್ತಿರಲಿಲ್ಲ. ಮಾತಿನ ನಡುವೆ ಬೀಳುತ್ತಿತ್ತು, ಮಾತು ನಿಂತ ಎಷ್ಟೋ ಹೊತ್ತಿಗೆ ಬೀಳುತ್ತಿತ್ತು. ಒಮ್ಮೆ ಅವನು ಸುಮ್ಮನೆ ನೀರು ಕುಡಿಯುತ್ತಿದ್ದಾಗಲೂ ಅವಳು ಹೂಂ ಅಂದಳು. ದೇವರಾಜನ ಕೈಯಲ್ಲಿ ಲೋಟ ಹಾಗೇ ನಿಂತಿತು.

ಅಕ್ಕನ ಸೊಸೆ ಆಶಾರಾಣಿ ಅವನನ್ನು ಹಿತ್ತಲಿಗೆ ಕರೆದಳು. ಊರಿನ ಹಾಲಿನ ಡೈರಿಯಲ್ಲಿ ಕೆಲಸ ಅವಳಿಗೆ, ಮಾತು ಅಳೆದಂತೆ. ಹಾಸನದಲ್ಲಿ ಕಿವಿ ಡಾಕ್ಟರಿಗೆ ತೋರಿಸಿದ್ದಾಯಿತು, ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯ ನರವೂ ಸೋಲುತ್ತಿದೆ, ಅದು ದೀಪಾವಳಿಯವರೆಗೆ ಕೇಳಿಸಿದರೆ ಹೆಚ್ಚು ಅಂದರಂತೆ. ಕಿವಿಗೆ ಇಡುವ ಮಿಷನ್ನೂ ತಂದಾಗಿದೆ, ಅತ್ತೆ ಅದನ್ನು ಸಕ್ಕರೆ ಡಬ್ಬಿಯಲ್ಲಿ ಇಟ್ಟಿದ್ದಾರೆ, ಕಿವಿಯಲ್ಲಿ ಗಿರಣಿ ಓಡಿದ ಹಾಗಾಗುತ್ತದಂತೆ.

ಆಮೇಲೆ ಆಶಾರಾಣಿ ಹೇಳಿದಳು.

"ಮಾವ, ನೀವೇನೋ ಒಂದು ಕತೆ ಅರ್ಧ ಮಾಡಿದೀರಂತೆ. ಡಾಕ್ಟ್ರು ಹೇಳಿದ್ದು ತಿಳಿದ ಮೇಲೆ ಅತ್ತೆ ಅತ್ತಿದ್ದು ಅದಕ್ಕೇ. ಆ ಹೆಂಗಸು ಇಳಿಯೋದನ್ನ ನಾನು ಕೇಳೋದಿಲ್ಲ ಅಂತ."

ದೇವರಾಜ ಆ ಸಂಜೆ ಅರಸೀಕೆರೆಗೆ ವಾಪಸಾಗಲಿಲ್ಲ. ನೇರ ಬೇಲೂರಿನ ಬಸ್ಸು ಹತ್ತಿದ.

ಗೋಪಾಲಸ್ವಾಮಿ ಮನೆಯ ಮುಂದೆ ಹೂಗಿಡಕ್ಕೆ ನೀರು ಹಾಕುತ್ತಿದ್ದ. ಹೆಂಡತಿ ಯದುಗಿರಿ ಕಾಫಿ ತಂದಿಟ್ಟಳು. ದೇವರಾಜ ಕಾಫಿ ಕುಡಿದು ಲೋಟ ಕೆಳಗಿಟ್ಟ. ಆಮೇಲೆ ಎಲ್ಲವನ್ನೂ ಒಂದೇ ಸಮ ಹೇಳಿದ, ಅಕ್ಕನ ಕಿವಿಯನ್ನು, ದೀಪಾವಳಿಯನ್ನು, ಇಳಿಸಲಾಗದ ಗಿಡ್ಡಮ್ಮನನ್ನು. ಇಳಿಸುವುದೇನು ಮಹಾ ಎಂದ ಗೋಪಾಲಸ್ವಾಮಿ, ಹತ್ತಿಸುವುದಲ್ಲವೇ ಕಷ್ಟ. ಹಾಗಲ್ಲ ಎಂದ ದೇವರಾಜ. ಹಗ್ಗವೇ ಆಗುವುದಿಲ್ಲ ಎಂದು ಲೆಕ್ಕ ಹೇಳುತ್ತದೆ. ಹಗ್ಗವೇ ಇಲ್ಲದ ಮೇಲೆ ಅವಳು ಕೂತಿರುವುದು ಯಾತರ ಮೇಲೆ? ಇಲ್ಲದ ಜಾಗದಿಂದ ಒಬ್ಬಳನ್ನು ಇಳಿಸುತ್ತೇನೆ ಎಂದು ಹೇಗೆ ಬರೆಯಲಿ? ಆಗದ ಕೆಲಸಕ್ಕೆ ನಾನು ಯಾವತ್ತೂ ಸಹಿ ಹಾಕಿದವನಲ್ಲ.

ಗೋಪಾಲಸ್ವಾಮಿ ರಾಕೆಟ್ ಕಳಿಸಿ ಕರೆತರೋಣವೇ ಎಂದು ಕೇಳಿದ. ದೇವರಾಜ ಅದನ್ನೂ ನೋಡಿದ್ದ. ಒಬ್ಬ ಹೆಂಗಸನ್ನು ತರಲು ಬೆಟ್ಟದಷ್ಟು ಇಂಧನ, ಅದರಲ್ಲಿ ಬಹುಪಾಲು ಇಂಧನವನ್ನೇ ಹೊರಲು ಖರ್ಚು. ಅಷ್ಟು ಸುಲಭವಾಗಿ ರಾಕೆಟ್ ಹೋಗುವುದಾದರೆ ಹಗ್ಗ ಯಾಕೆ ಬೇಕಿತ್ತು. ಗೋಪಾಲಸ್ವಾಮಿ ಉಳಿದ ನೀರನ್ನು ಗಿಡದ ಬುಡಕ್ಕೆ ಸುರಿದು ಬಂದು ಪಕ್ಕದಲ್ಲಿ ಕೂತ. ಇಬ್ಬರಿಗೂ ವಯಸ್ಸಾಗಿತ್ತು. ಮೊಣಕಾಲು ಇಬ್ಬರದೂ ನೋಯುತ್ತಿತ್ತು.

"ನಾನು ಮಕ್ಕಳಿಗೆ ರೇಖಾಗಣಿತ ಹೇಳಿಕೊಡುವಾಗ ಮೊದಲನೇ ಸಾಲಲ್ಲೇ 'ಇದೆ ಎಂದುಕೊಳ್ಳಿ' ಅಂತ ಬರೆಸ್ತಿದ್ದೆ ಕಣಯ್ಯ," ಎಂದ ಗೋಪಾಲಸ್ವಾಮಿ. "ಅದಕ್ಕೆ ಯಾರೂ ನನ್ನನ್ನ ಜೈಲಿಗೆ ಹಾಕಲಿಲ್ಲ."

"ಒಂದಕ್ಕೆ ಒಪ್ಪಿಕೊಂಡರೆ ಎಲ್ಲದಕ್ಕೂ ಒಪ್ಪಿಕೊಳ್ಳಬೇಕಾಗುತ್ತೆ."

"ಒಂದಕ್ಕೆ ಸಾಕು. ಹಗ್ಗ ಇದೆ ಅನ್ನು. ಮಿಕ್ಕಿದ್ದಕ್ಕೆಲ್ಲ ನಿನ್ನ ಲೆಕ್ಕ ಹಾಕಿಕೋ. ಇಳಿಯೋದಕ್ಕೂ ಖರ್ಚಿದೆಯಲ್ಲ, ಅದನ್ನ ಯಾರೂ ಬರೆದಿಲ್ಲ."

ದೇವರಾಜ ತಲೆಯೆತ್ತಿ ನೋಡಿದ. ಅದು ನಿಜ. ಅವನು ಇಷ್ಟು ವರ್ಷ ಏರಿಸುವ ಲೆಕ್ಕವನ್ನಷ್ಟೇ ಹಾಕಿದ್ದ. ಕಚೇರಿಯಲ್ಲೂ ಅಷ್ಟೇ, ಲಿಫ್ಟಿಗೆ ದರವಿತ್ತು, ಇಳಿಸುವುದಕ್ಕೆ ದರವೇ ಇರಲಿಲ್ಲ. ಸಾಮಾನು ಮೇಲೆ ಹೋದರೆ ಅಲ್ಲೇ ಉಳಿಯುವುದು, ಜನ ಹೇಗೋ ಇಳಿದು ಬರುವುದು ಎಂಬ ಲೆಕ್ಕ.

ಅರಸೀಕೆರೆಗೆ ಬಂದವನೇ ಕೂತ. ಹಾಳೆಯ ತಲೆಯ ಮೇಲೆ 'ಹಗ್ಗ ಇದೆ ಎಂದುಕೊಂಡು' ಎಂದು ಬರೆದು ಕೆಳಗೆ ಗೆರೆ ಎಳೆದ. ಅಲ್ಲಿಂದ ಮುಂದೆ ಒಂದನ್ನೂ ಬಿಟ್ಟುಕೊಡಲಿಲ್ಲ. ಡಬ್ಬಿ ಇಳಿಯುವಾಗ ಬ್ರೇಕು ಕಾಯುತ್ತದೆ. ಘಾಟಿ ಇಳಿಯುವ ಲಾರಿಯ ಬ್ರೇಕು ಕಾದು ನಾರುವ ವಾಸನೆ ಅವನಿಗೆ ಗೊತ್ತು, ಆದರೆ ಲಾರಿಗೆ ಗಾಳಿಯಾದರೂ ಇದೆ. ಅಲ್ಲಿ ಗಾಳಿಯಿಲ್ಲ, ಕಾದದ್ದು ಆರಲು ಬಹಳ ಹೊತ್ತು. ಅದಕ್ಕೆ ಗಿಡ್ಡಮ್ಮ ಸ್ವಲ್ಪ ಇಳಿದು ನಿಲ್ಲಬೇಕು, ಬ್ರೇಕು ಆರುವವರೆಗೆ ಕಾಯಬೇಕು, ಮತ್ತೆ ಸ್ವಲ್ಪ ಇಳಿಯಬೇಕು. ಹಗ್ಗ ಮಾಲೇಕಲ್ಲಿನಿಂದ ಹೋಗಿದೆ, ಆದ್ದರಿಂದ ವಾಲಿದೆ, ಡಬ್ಬಿ ಒಂದು ಕಡೆ ಹಗ್ಗಕ್ಕೆ ಉಜ್ಜುತ್ತದೆ. ಆ ಉಜ್ಜುವಿಕೆಗೂ ಲೆಕ್ಕ ಹಿಡಿದ. ಎಲ್ಲ ಕೂಡಿಸಿದರೆ ಪಯಣ ವಾರಗಟ್ಟಲೆ. ವಾರಗಟ್ಟಲೆ ಅಂದರೆ ನೀರು, ಅನ್ನ, ಉಸಿರಾಡುವ ಗಾಳಿ. ಇವನ್ನು ಕೆಳಗಿನಿಂದ ಕಳಿಸಬೇಕು. ಕಳಿಸಲು ಇನ್ನೊಂದು ಡಬ್ಬಿ. ಹಗ್ಗಕ್ಕೆ ಇನ್ನಷ್ಟು ಭಾರ.

ಎಸ್ಟಿಮೇಟ್ ಬೆಳೆದಂತೆ ಒಂದು ಸಂಗತಿ ತಾನಾಗಿ ಕಂಡಿತು. ಈ ಒಬ್ಬಳನ್ನು ಇಳಿಸುವುದಕ್ಕೇ ಇಡೀ ಯೋಜನೆಯ ಸಾಮಾನು, ವಿದ್ಯುತ್ತು, ಜನ ಎಲ್ಲ ಹಿಡಿಯುತ್ತದೆ. ಆಕೆ ಇಳಿದ ಮೇಲೆ ಹಗ್ಗವನ್ನು ಇನ್ನೂ ಮೇಲಕ್ಕೆ ಮುಂದುವರಿಸಲು ಏನೂ ಉಳಿಯುವುದಿಲ್ಲ. ಅವಳನ್ನು ಇಳಿಸಬೇಕು, ಇಲ್ಲವೇ ಹಗ್ಗ ಮುಗಿಸಬೇಕು, ಎರಡೂ ಆಗದು. ಪ್ರಾಯದಲ್ಲಿ ಆಗಿದ್ದರೆ ಅವನು ಇಲ್ಲಿ ಬಹಳ ದಿನ ನಿಲ್ಲುತ್ತಿದ್ದ. ಆಕಾಶದ ಹಗ್ಗ ಅವನ ಆಸೆ. ಇಪ್ಪತ್ತು ವರ್ಷ ಅದಕ್ಕಾಗಿ ಊಟದ ಹೊತ್ತು ಮೀರಿಸಿದ್ದ. ಈಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ, ಮತ್ತೆ ಹಾಕಿಕೊಂಡು, ಯೋಜನೆ ಕೈಬಿಡಲಾಗಿದೆ ಎಂದು ಬರೆದ. ಅಷ್ಟೇ. ಅಡಿಯಲ್ಲಿ ಸಹಿ ಹಾಕಿದ.

ಶ್ರಾವಣ ಕಳೆದು ಭಾದ್ರಪದ ಹಿಡಿದಿತ್ತು. ಮಾದಿಹಳ್ಳಿಯ ಜಗಲಿಯಲ್ಲಿ ಅಕ್ಕ ಬಲಗಿವಿಯನ್ನು ಅವನ ಬಾಯಿಯ ಹತ್ತಿರ ತಂದು, ಕೈಯನ್ನು ಕಿವಿಗೆ ಮರೆ ಮಾಡಿಕೊಂಡು ಕೂತಳು. ಅವನು ಓದತೊಡಗಿದ. ಹೂಂ ಬರಲಿಲ್ಲ. ದನಿ ಏರಿಸಿದ. ಬರಲಿಲ್ಲ. ಇನ್ನೂ ಏರಿಸಿದ. ಗಂಟಲು ಹರಿಯುವಂತಾದಾಗ ಒಂದು ಸಣ್ಣ ಹೂಂ ಬಿತ್ತು. ಅಲ್ಲಿಗೆ ಅವನಿಗೆ ತಿಳಿಯಿತು, ಕೊನೆಯವರೆಗೂ ಇದೇ ದನಿಯಲ್ಲಿ ಓದಬೇಕು.

ಹಾಗೆ ಓದಿದರೆ ಬೀದಿಗೆ ಕೇಳದೆ ಇರುತ್ತದೆಯೇ. ಕೊಟ್ಟಿಗೆಯಲ್ಲಿ ಹಸು ಎದ್ದು ನಿಂತಿತು. ಡೈರಿಗೆ ಹಾಲು ಹಾಕುವ ಹೊತ್ತು. ಕ್ಯಾನು ಹಿಡಿದು ಹೋಗುತ್ತಿದ್ದವರು ಗೇಟಿನ ಮುಂದೆ ನಿಂತರು. ಯಾರೋ ಜಗಳ ಅಂದುಕೊಂಡು ಬಂದವರೂ ಇದ್ದರು. ಎದುರುಮನೆಯ ಚನ್ನಪ್ಪ ಯಾವ ಗಿಡ್ಡಮ್ಮ, ನಮ್ಮೂರಿನವಳಾ ಎಂದು ಆಶಾರಾಣಿಯನ್ನು ಕೇಳಿದ. ಅವಳು ಹಿಂದಿನದನ್ನು ಪಿಸುಗುಟ್ಟಿ ತಿಳಿಸಿದಳು. ಇಪ್ಪತ್ತು ವರ್ಷದಿಂದ ಮೇಲೇ ಇದ್ದಾಳೆ ಎಂಬುದು ಕಿವಿಯಿಂದ ಕಿವಿಗೆ ಹೋಗಿ ಎಲ್ಲರ ಮುಖ ಗಂಭೀರವಾಯಿತು.

ಗಿಡ್ಡಮ್ಮ ಇಳಿಯುತ್ತಿದ್ದಳು. ಬ್ರೇಕು ಕೆಂಪಗೆ ಕಾದು ಡಬ್ಬಿ ನಿಂತಿತು. ಇವಳು ಗಾಜಿಗೆ ಹಣೆಯಿಟ್ಟು ಕಾದಳು. ಚನ್ನಪ್ಪನಿಗೆ ತಡೆಯಲಾಗಲಿಲ್ಲ.

"ನೀರು ಹುಯ್ದ್ರೆ ಆರ್ತದಲ್ಲ ಸಾ."

"ನೀರನ್ನ ಕೆಳಗಿಂದ ಹೊರಬೇಕು ಚನ್ನಪ್ಪ," ಎಂದು ದೇವರಾಜ ಅದೇ ದೊಡ್ಡ ದನಿಯಲ್ಲಿ ಹೇಳಿದ. "ಹೊತ್ತು ತಂದ ನೀರನ್ನ ಅವಳು ಕುಡಿಯಬೇಕು."

ಚನ್ನಪ್ಪ ಒಪ್ಪಿ ತಲೆಯಾಡಿಸಿದ. ಡಬ್ಬಿ ಮತ್ತೆ ಇಳಿಯಿತು, ಮತ್ತೆ ನಿಂತಿತು. ಕೇಳುವವರಿಗೂ ಬೇಸರವಾಗುವಷ್ಟು ಸಲ ನಿಂತಿತು. ದೇವರಾಜ ಒಂದು ನಿಲುಗಡೆಯನ್ನೂ ಹಾರಿಸಲಿಲ್ಲ. ಅವನ ದನಿ ಒಡೆದು ಕರಕರ ಅನ್ನುತ್ತಿತ್ತು. ಆಶಾರಾಣಿ ನೀರು ತಂದಿಟ್ಟಳು. ಅಕ್ಕನ ಹೂಂ ಈಗ ಬಹಳ ದೂರದಿಂದ ಬಂದಂತೆ, ಆದರೆ ಸರಿಯಾದ ಜಾಗದಲ್ಲಿ ಬೀಳುತ್ತಿತ್ತು. ಎಲ್ಲಿ ಅದು ಬೀಳದೆ ಹೋಗುತ್ತದೋ ಅಲ್ಲಿ ಅವನು ಅದೇ ಸಾಲನ್ನು ಇನ್ನೊಮ್ಮೆ ಕೂಗಿ ಓದುತ್ತಿದ್ದ. ಚುಕ್ಕಿಗಳು ಮಾಸಿದವು, ನೀಲಿ ಬಂತು, ಡಬ್ಬಿಗೆ ಗಾಳಿ ಬಡಿಯಿತು, ಮೋಡದೊಳಗೆ ಏನೂ ಕಾಣದೆ ಹೋಯಿತು. ಆಮೇಲೆ ತೆಂಗಿನ ತೋಟಗಳು, ಅವುಗಳ ನಡುವೆ ಮಾಲೇಕಲ್ಲಿನ ಬೆಟ್ಟ. ಅಲ್ಲಿ ಹಗ್ಗದ ಕೆಲಸದವರೆಲ್ಲ ತಲೆಯೆತ್ತಿ ನಿಂತಿದ್ದರು. ಹಗ್ಗ ಇನ್ನು ಮೇಲೇರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ಕೆಲಸ ಹೋಗಿತ್ತು. ಆದರೂ ನಿಂತಿದ್ದರು. ಡಬ್ಬಿ ನೆಲಕ್ಕೆ ತಾಗಿತು. ಗಿಡ್ಡಮ್ಮ ಕಾಲೂರಲು ಹೋದಳು, ಕಾಲು ನಿಲ್ಲಲಿಲ್ಲ, ಇಬ್ಬರು ಹೆಂಗಸರು ಹಿಡಿದುಕೊಂಡರು.

ಹೂಂ, ಅಂದಳು ಅಕ್ಕ.

ಗೇಟಿನ ಹತ್ತಿರ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ಕ್ಯಾನು ಎತ್ತಿಕೊಂಡು ಒಬ್ಬೊಬ್ಬರೇ ಹೊರಟರು. ಡೈರಿಗೆ ಹೊತ್ತಾಗಿತ್ತು.

ದೇವರಾಜ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದ. ಅಕ್ಕ ಅವನ ಮೊಣಕೈ ಹಿಡಿದಳು. ಕಿವಿ ಸೋತವರ ದನಿ ಏರಿರುತ್ತದಲ್ಲ, ಹಾಗೆ ದೊಡ್ಡದಾಗಿ ಕೇಳಿದಳು.

"ಬುತ್ತಿ ಏನ್ಮಾಡಿದ್ಲು? ಬಿಚ್ಚಿದ್ಲಲ್ಲ."

ಅದು ಹಾಳೆಯಲ್ಲಿರಲಿಲ್ಲ. ಎಲ್ಲ ಹಿಡಿದು ಬರೆದಿದ್ದ, ಬುತ್ತಿಯನ್ನು ಬಿಟ್ಟಿದ್ದ. ಇಪ್ಪತ್ತು ವರ್ಷದ ರೊಟ್ಟಿ ಗಾಳಿಯಿಲ್ಲದ ಕಡೆ ಏನಾಗಿರುತ್ತದೆ, ಒಣಗಿರುತ್ತದೆಯೇ, ಕಲ್ಲಾಗಿರುತ್ತದೆಯೇ, ಗೋಪಾಲಸ್ವಾಮಿಯನ್ನು ಕೇಳಬೇಕಿತ್ತು. ಅಕ್ಕನ ಮುಖ ನೋಡಿದ. ಗಂಟಲಿನಲ್ಲಿ ಉಳಿದಿದ್ದ ಅಷ್ಟೂ ದನಿಯನ್ನು ಒಟ್ಟು ಮಾಡಿ ಅವಳ ಕಿವಿಯಲ್ಲಿ ಹೇಳಿದ.

"ಇಳಿಯೋವಾಗ ತಿಂದ್ಲು ಕಣಕ್ಕ. ನೀರಲ್ಲಿ ನೆನೆಸ್ಕೊಂಡು."

ಅಕ್ಕ ಯೋಚನೆ ಮಾಡಿದಳು. ಆಮೇಲೆ ಹೂಂ ಅಂದು ಎದ್ದು ಹಸುವಿನ ಹತ್ತಿರ ಹೋದಳು.

ದೀಪಾವಳಿಗೆ ಇನ್ನೂ ದಿನವಿರುವಾಗಲೇ ಬಲಗಿವಿಯೂ ಹೋಯಿತು. ದೇವರಾಜ ಈಗಲೂ ಹೋಗುತ್ತಾನೆ. ಅದೇ ಬಸ್ಸು, ಜಾವಗಲ್ಲಿನಲ್ಲಿ ಅದೇ ತಡ, ಹಳೇಬೀಡಿನಲ್ಲಿ ಅದೇ ಕಾಯುವುದು. ಚೀಲದಲ್ಲಿ ಬಾಳೆಹಣ್ಣು ಮಾತ್ರ. ಹೊಸ ನಾರಿನ ಸುದ್ದಿ ಪತ್ರಿಕೆಯಲ್ಲಿ ಬಂದರೆ ಓದುತ್ತಾನೆ, ಹಾಳೆ ತೆಗೆಯುವುದಿಲ್ಲ. ಮೊದಲ ಕೆಲವು ಭಾನುವಾರ ಇಬ್ಬರೂ ಜಗಲಿಯಲ್ಲಿ ಕೂತು ಬೀದಿ ನೋಡಿದರು. ದಾರಿಯಲ್ಲಿ ಹೋಗುವ ಚನ್ನಪ್ಪ ಗಿಡ್ಡಮ್ಮ ಚೆನ್ನಾಗಿದ್ದಾಳಾ ಎಂದು ಕೈಯಾಡಿಸಿ ಕೇಳುತ್ತಿದ್ದ. ದೇವರಾಜ ಚೆನ್ನಾಗಿದ್ದಾಳೆ ಎನ್ನುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕ ಹುಲ್ಲು ಬಿಡಿಸುತ್ತ ತಾನಾಗಿ ಬಾಯಿ ತೆರೆದಳು. ಗಿಡ್ಡಮ್ಮ ಬೆಟ್ಟದಿಂದ ಇಳಿದು ಮನೆಗೆ ಹೋದಳಂತೆ. ಮನೆಯಲ್ಲಿ ಮನಸ್ಸು ನಿಲ್ಲಲಿಲ್ಲವಂತೆ. ಒಂದು ದಿನ ಬೆಳಗಾಗುತ್ತಲೂ ಮಾಲೇಕಲ್ಲಿಗೆ ಹೋಗಿ ನೋಡುತ್ತಾಳೆ, ಹಗ್ಗ ಅಲ್ಲೇ ನೇತಾಡುತ್ತಿದೆ. ಸೆರಗು ಸಿಕ್ಕಿಸಿ, ಹಗ್ಗ ಹಿಡಿದು, ಒಂದೇ ಉಸಿರಿಗೆ ಮುಗಿಲು ಮುಟ್ಟಿದಳಂತೆ.

ದೇವರಾಜನ ಬೆರಳುಗಳು ತೊಡೆಯ ಮೇಲೆ ತಮ್ಮಷ್ಟಕ್ಕೆ ಎಣಿಸತೊಡಗಿದವು. ಹಗ್ಗ ವಾಲಿದೆ, ಕೈಗಳು ಜಾರುತ್ತವೆ, ಉಸಿರಿಗೆ ಗಾಳಿ ಎಲ್ಲಿದೆ. ಹಗ್ಗದ ದಪ್ಪ ಎಷ್ಟು ಎಂದು ಬಾಯಿಬಿಟ್ಟು ಕೇಳಿಯೂಬಿಟ್ಟ. ಅವಳಿಗೆ ಕೇಳಿಸಲಿಲ್ಲ. ಅವನ ತುಟಿ ಆಡಿದ್ದು ಕಂಡು ಮಾತು ನಿಲ್ಲಿಸಿ, ಕೈಯಲ್ಲಿದ್ದ ಹುಲ್ಲನ್ನು ಅವನತ್ತ ಚಾಚಿ ಗದರಿದಳು.

"ಹೂಂ ಅಂದ್ರೆ ನಂಗೆ ಕೇಳ್ಸಾಕಿಲ್ಲ ಕಣ್ಲಾ. ತಲೆ ಆಡ್ಸು, ಕಾಣ್ಲಿ."

ದೇವರಾಜ ಬೆರಳು ಮಡಿಸಿಕೊಂಡ. ಗೋಡೆಗೆ ಬೆನ್ನು ಕೊಟ್ಟು, ನೋಯುವ ಕಾಲುಗಳನ್ನು ಬಿಸಿಲಿಗೆ ನೀಡಿ, ತಲೆಯಾಡಿಸಿದ.